ಟವೆಲ್ ಮೇಷ್ಟ್ರ ಎಂ.ಎ. ಕ್ಲಾಸು

ಯಾರಾದರೂ ಕೈ ಕುಲುಕಲು ಮುಂದೆ ಬಂದರೆ ತಿಪ್ಪೇರುದ್ರಪ್ಪ ಮೇಷ್ಟ್ರು ಮೊದಲು ಹೆಗಲ ಮೇಲಿನ ಟವೆಲ್ ಎಳೆದು ಎರಡೂ ಕೈಗಳ ಮೇಲೆ ಹೊದಿಸುತ್ತಿದ್ದರು, ಮಾತೇನಿದ್ದರೂ ಆಮೇಲೆ. ಕರಿಕೋಟಿನ ಮೇಲೆ ಕೆಂಪಂಚಿನ ಟವೆಲ್ ಹಾಕಿಕೊಂಡು, ಸಂತೆಗೆ ಹೊತ್ತಾಯಿತೇನೋ ಎಂಬಂತೆ ಮುಂದಕ್ಕೆ ಬಾಗಿ ದಾಪುಗಾಲಿಡುತ್ತ ಅರ್ಥಶಾಸ್ತ್ರ ಬೋಧಿಸಲು ಬರುವ ಮಹಾನುಭಾವರು ಚಿತ್ರದುರ್ಗದಲ್ಲಿ ಅವರೊಬ್ಬರೇ. ತಂದೆ ಹಿರಿಯೂರು ಸೀಮೆಯ ಕುರಿಸಂತೆಗಳಲ್ಲಿ ದಲ್ಲಾಳಿ. ಅಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಬೆರಳೊತ್ತಿ ತಿಳಿಸುತ್ತಾರೆ, ವ್ಯವಹಾರ ಕುದುರುವ ತನಕ ಹಿಡಿದ ಕೈ ಬಿಡುವುದಿಲ್ಲ. ಆ ರೂಢಿ ಮೇಷ್ಟ್ರ ಮೈಗಂಟಿತ್ತು. ಏನೇ ಕಷ್ಟ ಹೇಳಿಕೊಂಡರೂ ಅವರದು ಒಂದೇ ಉತ್ತರ: "ಕುದುರ್ತೈತೆ ಬಿಡ್ರಿ."

ಎಪ್ಪತ್ತರ ದಶಕದ ನಡುವಿನ ಮಾತು. ಅವರ ಕಾಲೇಜಿನಲ್ಲಿ ಬಿ.ಎ. ಮುಗಿಸಿದವರು ಮುಂದೆ ಓದಬೇಕೆಂದರೆ ಮೈಸೂರಿನ ದಾರಿ ಹಿಡಿಯಬೇಕಿತ್ತು. ಅನುಕೂಲಸ್ಥರ ಗಂಡುಮಕ್ಕಳು ಹೋದರು, ಸರಿ. ಹೊಸದುರ್ಗದ ಕಡೆಯ ಕುರಿಗಾಹಿ ಬೋರಯ್ಯನ ಮಗಳು ಚಂದ್ರಕ್ಕ, ಮೇಷ್ಟ್ರ ಶಿಷ್ಯವೃಂದದಲ್ಲೇ ಚುರುಕಾದ ಹುಡುಗಿ, ಎಲ್ಲಿಗೆ ಹೋಗಬೇಕು?

"ದುರ್ಗದಾಗೆ ಆದ್ರೆ ಓದ್ಲಿ ಮೇಷ್ಟ್ರೆ. ಅಷ್ಟು ದೂರ ಕಳ್ಸಕ್ಕೆ ನನ್ ಕೈಲಾಗಲ್ಲ," ಎಂದ ಬೋರಯ್ಯ. ಮೇಷ್ಟ್ರು ಅವನ ಕೈ ಹಿಡಿದು ಟವೆಲ್ ಹೊದಿಸಿದರು. "ಎಂ.ಎ. ಕ್ಲಾಸು ಇಲ್ಲಿಗೇ ತರಿಸ್ತೀನಿ," ಎಂದು ಮಾತು ಕೊಟ್ಟೇಬಿಟ್ಟರು.

ಕಾಲೇಜಿನ ಹಿಂದೆ ಪಾಳುಬಿದ್ದ ಹತ್ತಿ ಗೋದಾಮೊಂದಿತ್ತು. ಶಿಷ್ಯರನ್ನು ಕಟ್ಟಿಕೊಂಡು ತಾವೇ ಸುಣ್ಣ ಬಳಿದು ಅದನ್ನು ತರಗತಿ ಮಾಡಿದರು. ಎಷ್ಟು ಗುಡಿಸಿದರೂ ಹತ್ತಿಯ ಎಳೆ ಮುಗಿಯದು. ಅವರ ಕೋಟಿನ ಮೇಲೆ ಸದಾ ಬಿಳಿಬಿಳಿ.

ಅನುಮತಿ ಕೊಡಬೇಕಾದ ವಿಶ್ವವಿದ್ಯಾಲಯದ ಸಮಿತಿ ಬಂತು. ಮುಖ ಸಡಿಲಿಸದ ಅಧ್ಯಕ್ಷರು ಗೋದಾಮನ್ನು ಮೇಲೆ ಕೆಳಗೆ ನೋಡಿ, "ನೋಡೋಣ," ಎಂದು ಹೊರಡುವಾಗ ಕೈ ಚಾಚಿದರು. ಅಯ್ಯೋ ದೇವರೇ! ಮೇಷ್ಟ್ರು ತಮಗೇ ತಿಳಿಯದಂತೆ ಟವೆಲ್ ಎಳೆದು ಹೊದಿಸಿ, ಅದರಡಿಯಲ್ಲಿ ಬೆರಳೊತ್ತಿ ಇಷ್ಟು ಸೀಟು ಬೇಕೆಂದು ಕೇಳತೊಡಗಿದರು.

"ಏನ್ರೀ ಇದು? ನನಗೇ ಲಂಚ ತೋರಿಸ್ತೀರಾ?" ಎಂದು ಅಧ್ಯಕ್ಷರು ಕೈ ಕಿತ್ತುಕೊಂಡು ಜೀಪು ಹತ್ತಿದರು. ಆ ವರ್ಷ ಅನುಮತಿ ಬರಲಿಲ್ಲ.

ಮರುದಿನದಿಂದ ಮೇಷ್ಟ್ರ ಹೆಗಲು ಬರಿದಾಯಿತು. ಆದರೂ ಭಾನುವಾರ ತಪ್ಪದೆ ಗೋದಾಮಿನ ಬಾಗಿಲು ತೆರೆದು, ಬಿ.ಎ. ಮುಗಿಸಿ ಊರಲ್ಲೇ ಉಳಿದವರಿಗೆ ಎಂ.ಎ. ಪಾಠವನ್ನೇ ಹೇಳಿದರು. ಬೋರಯ್ಯ ಮಗಳನ್ನು ತಾನೇ ಕರೆತಂದು ಬಾಗಿಲಲ್ಲಿ ಕೂರುತ್ತಿದ್ದ. "ಬರೋ ವರ್ಷದ ತನಕ ಕಾಯ್ತೀನಿ ಮೇಷ್ಟ್ರೆ. ಆಮೇಲೆ ಗಂಡು ನೋಡ್ಬೇಕಾಗ್ತೈತೆ."

ಮರುವರ್ಷ ಬಂದವರೂ ಅದೇ ಅಧ್ಯಕ್ಷರು. ಹಿಂದಿನ ಬೆಂಚಿನಲ್ಲಿ ಕುಳಿತು, "ಯಾರಾದರೂ ಬೆಲೆಯ ಬಗ್ಗೆ ಹೇಳಿ," ಎಂದರು. ಚಂದ್ರಕ್ಕ ಎದ್ದು ನಿಂತಳು.

"ನಮ್ಮ ಸಂತೆಯಾಗೆ ಬೆಲೆನ ಟವೆಲ್ಲಿನ ಕೆಳಗೆ ಮುಚ್ಚಿಡ್ತಾರೆ ಸಾರ್. ಮನೇಲಿ ಕಾಯಿಲೆ ಅಂತ ಅವಸರಕ್ಕೆ ಒಬ್ಬ ಕಮ್ಮಿಗೆ ಕೊಟ್ಟಿರ್ತಾನೆ. ಅದು ಬಯಲಾದ್ರೆ ಪಕ್ಕದೋನಿಗೂ ಅದೇ ರೇಟು ಬೀಳ್ತೈತೆ, ಇವನ ಮಾನಾನೂ ಹೋಗ್ತೈತೆ. ಅದಕ್ಕೇ ಟವೆಲ್ಲು."

ಅಧ್ಯಕ್ಷರು ಬೆಂಚಿನಿಂದ ಎದ್ದು ಮುಂದೆ ಬಂದರು. ಆಮೇಲೆ ಮೇಷ್ಟ್ರ ಕಡೆ ತಿರುಗಿ, "ಹೋದ ವರ್ಷ ನೀವು ಮಾಡಿದ್ದು ಇದೇ ಏನ್ರೀ?" ಎಂದರು. ಮೇಷ್ಟ್ರು ತಲೆ ತಗ್ಗಿಸಿದರು.

"ಟವೆಲ್ ಎಲ್ರೀ?" ಎಂದು ಅಧ್ಯಕ್ಷರು ಕೈ ಚಾಚಿ ಮೇಷ್ಟ್ರ ಕೈ ಹಿಡಿದರು.

ಬಾಗಿಲಲ್ಲಿದ್ದ ಬೋರಯ್ಯ ಕುರಿವಾಸನೆಯ ತನ್ನ ಟವೆಲ್ಲನ್ನೇ ತಂದು, ಆ ಎರಡು ಕೈಗಳ ಮೇಲೆ ಮುಚ್ಚಿದ. ಒಳಗೆ ಯಾರು ಎಷ್ಟು ಬೆರಳೊತ್ತಿದರೋ! ಮೇಷ್ಟ್ರ ಕಣ್ಣಲ್ಲಿ ಮಾತ್ರ ನೀರಿತ್ತು.

ಅದೇ ವರ್ಷ ತರಗತಿ ಶುರುವಾಯಿತು. ದಶಕ ಮುಗಿಯುವಷ್ಟರಲ್ಲಿ ಗೋದಾಮಿನ ಪಕ್ಕ ಹೊಸ ಕೊಠಡಿಗಳೆದ್ದವು, ಪುಸ್ತಕಭಂಡಾರ ಬಂತು, ಚಿಕ್ಕಜಾಜೂರಿನಿಂದ ರೈಲಿನಲ್ಲಿ ಹುಡುಗರು ಬಂದರು, ಚಂದ್ರಕ್ಕ ಅಲ್ಲೇ ಪಾಠ ಹೇಳತೊಡಗಿದಳು. ಅನುಮತಿಗಾಗಿ ಕಾದ ಆ ವರ್ಷದಲ್ಲಿ ಮೇಷ್ಟ್ರಿಗೆ ಮೈಸೂರಿನಲ್ಲಿ ದೊಡ್ಡ ಹುದ್ದೆಯೊಂದು ಒಲಿದು ಬಂದಿತ್ತಂತೆ, ಬೇಡವೆಂದರಂತೆ. ಇದು ಬಯಲಾದದ್ದು ಬಹುಕಾಲದ ಮೇಲೆ, ಅವರ ಮಡದಿ ಪಾರ್ವತಮ್ಮನವರ ಬಾಯಿಂದ. ನಿಜವೇ ಎಂದು ಕೇಳಿದರೆ, "ಟವೆಲ್ಲಿನ ಕೆಳಗಿಂದು ಕೇಳ್ಬಾರ್ದು ಕಣ್ರಿ," ಎಂದು ನಕ್ಕರು.

ವಿದ್ಯಾಸಂಸ್ಥೆಗಳ ಚರಿತ್ರೆ ಬರೆಯುವವರು ಕಟ್ಟಡ, ಆದೇಶ, ಉದ್ಘಾಟನೆಗಳನ್ನು ಬರೆಯುತ್ತಾರೆ. ಅದಕ್ಕಾಗಿ ಇಂಥ ಜೀವಗಳು ತೆತ್ತ ಬೆಲೆ ಯಾರಿಗೂ ಕಾಣದಂತೆ ಮುಚ್ಚಿಯೇ ಇರುತ್ತದೆ. ಹಾಗಿರಲೆಂದೇ ಅವರ ಇಚ್ಛೆ. ಒಮ್ಮೆ ಹಿಡಿದ ಕೈಯನ್ನು ಮಾತ್ರ ಅವರು ಬಿಡುವುದಿಲ್ಲ.