ಗುಡ್ಡದ ಮೇಲಿನ ಬಿಲ್ಲೆ

ವೆಂಡೆಲ್ ಸ್ಟ್ರೋಯಿಕ್ ಮತ್ತು ನಾನು ಚಳಿಗಾಲದ ಭಾನುವಾರಗಳನ್ನು ಯುದ್ಧ ಮಾಡುತ್ತಲೇ ಕಳೆದವರು. ಚರ್ಚಿನಿಂದ ಬಂದು ಉಂಡ ಮೇಲೆ ಅವನು ವಿಸ್ಕಾನ್ಸಿನ್ ನದಿಯ ಸೇತುವೆ ದಾಟಿ ನಮ್ಮ ಮನೆಗೆ ಬರುತ್ತಿದ್ದ. ಊಟದ ಮೇಜಿನ ಮೇಲೆ ಯುದ್ಧದಾಟದ ನಕಾಶೆ ಹಾಸುತ್ತಿದ್ದೆವು. ಅದರ ತುಂಬ ಜೇನುಗೂಡಿನಂತೆ ಆರು ಮೂಲೆಯ ಮನೆಗಳು. ಒಂದೊಂದು ರಟ್ಟಿನ ಬಿಲ್ಲೆಯೂ ಒಂದೊಂದು ಪಡೆ. ನುಗ್ಗುವವನು ಯಾವಾಗಲೂ ನಾನು, ಕಾಯುವವನು ಅವನು. ಆಟದಲ್ಲಿ ಹಿಮ ಬೀಳುವ ಸರದಿಗೆ ಮೊದಲೇ ನೆಲ ಬಿಟ್ಟುಕೊಟ್ಟು, ನದಿಯ ಹಿಂದೆ ಸಾಲು ಕಟ್ಟಿ, ಕಂದಕ ತೋಡಿ ಕೂತುಬಿಡುತ್ತಿದ್ದ. ಅವನ ಒಂದು ಬಿಲ್ಲೆ ಕೀಳಬೇಕಾದರೆ ನನಗೆ ಸಾಕುಸಾಕಾಗುತ್ತಿತ್ತು.

ಆ ವರ್ಷ ನಾನು ಕೊರಿಯಾ ಯುದ್ಧದ ಹೊಸ ಆಟ ತಂದೆ. ಅವನು ಆ ಯುದ್ಧಕ್ಕೆ ಹೋಗಿ ಬಂದವನೆಂದು ನನಗೆ ಗೊತ್ತಿರಲಿಲ್ಲ. ಕಾಗದದ ಕಾರ್ಖಾನೆಯಲ್ಲಿ ಅಷ್ಟು ವರ್ಷ ಜೊತೆಗೆ ದುಡಿದರೂ ಅವನು ಹೇಳಿರಲಿಲ್ಲ. ನಕಾಶೆ ಬಿಚ್ಚಿದಾಗ ಕೋಟನ್ನೂ ತೆಗೆಯದೆ ನಿಂತು ನೋಡಿದ. ಆಮೇಲೆ ಕೂತ.

ಸಾಲು ಕಟ್ಟಬೇಕಾದ ನದಿ ಹಿಂದೆ ದೂರದಲ್ಲಿತ್ತು, ಅಲ್ಲಿಗೆ ಇದ್ದದ್ದು ಒಂದೇ ದಾರಿ. ವೆಂಡೆಲ್ ತನ್ನ ಪಡೆಗಳನ್ನೆಲ್ಲ ಆ ದಾರಿಗೆ ಇಳಿಸಿದ, ಒಂದನ್ನು ಬಿಟ್ಟು. ಎಲ್ಲಕ್ಕಿಂತ ಚಿಕ್ಕ ಬಿಲ್ಲೆ ಮುಂದಿನ ಗುಡ್ಡದ ಮೇಲೆ ಹಾಗೇ ಉಳಿಯಿತು.

"ಅದನ್ನ ಮರೆತ್ಯಾ? ವಯಸ್ಸಾಯ್ತು ಬಿಡು ನಿಂಗೆ," ಎಂದೆ.

"ಮರೆತಿಲ್ಲ. ಅದು ಅಲ್ಲೇ ಇರ್ಲಿ, ನಾರ್ಬರ್ಟ್."

ಅಂಥ ಪುಡಿ ಬಿಲ್ಲೆಗಾಗಿ ನಾನೇಕೆ ನಿಲ್ಲಲಿ? ಗುಡ್ಡವನ್ನು ಬಳಸಿ ಮುಂದೆ ಹೋದೆ. ನದಿ ಮುಟ್ಟುವ ಮೊದಲೇ ಅವನ ಪಡೆಗಳನ್ನು ದಾರಿಯಲ್ಲೇ ಹಿಡಿದು ಮುಗಿಸಿದೆ. ಗೆದ್ದ ಖುಷಿಯಲ್ಲಿ ತಲೆ ಎತ್ತಿದರೆ ಅವನು ಗುಡ್ಡದ ಬಿಲ್ಲೆಯ ಮೇಲೆ ಬೆರಳಿಟ್ಟಿದ್ದ.

"ಹೀಗೇ ಆಗಿದ್ದು," ಎಂದ.

ಅಂದು ಅವನು ಹೇಳಿದ್ದು ಇಷ್ಟು. ಆ ಗುಡ್ಡದ ಮೇಲೆ ಅವನೂ ಇನ್ನೂ ಮೂವರೂ ಇದ್ದರು. ಗುಂಡು ಹಾರಿಸಬಾರದು, ಶತ್ರುವಿನ ಸದ್ದು ಕೇಳಿದರೆ ಕೆಳಗಿನವರಿಗೆ ಫೋನಿನಲ್ಲಿ ತಿಳಿಸಬೇಕು, ಅಷ್ಟೇ ಕೆಲಸ. ಕತ್ತಲಾಗುವಾಗ ಇವನಿಗೆ ಯಾಕೋ ಅನುಮಾನ ಬಂದು, ಇನ್ನೂ ಅಲ್ಲೇ ಇದ್ದೀರಾ ಎಂದು ಕೇಳಿದ. ಆ ಕಡೆ ಇದ್ದವನು ಡುವೇನ್, ಇವನ ಊರಿನವನೇ. "ಇಲ್ಲೇ ಇದೀವಿ ಕಣೋ, ಸುಮ್ನೆ ಕೂತ್ಕೋ," ಎಂದ. ಮತ್ತೆ ಫೋನು ಮಾತಾಡಲಿಲ್ಲ. ರಾತ್ರಿಯೆಲ್ಲ ಗುಡ್ಡದ ಕೆಳಗೆ ಹಿಮದ ಮೇಲೆ ಸಾವಿರಾರು ಕಾಲುಗಳು ಸರಿದುಹೋಗುವ ಸದ್ದು. ಬೆಳಗ್ಗೆ ಇಳಿದು ನೋಡಿದರೆ ಕಂದಕಗಳು ಖಾಲಿ. ಅವರೆಲ್ಲ ದಾರಿಯುದ್ದಕ್ಕೂ ಸಿಕ್ಕರು. ಡುವೇನ್ ಒಂದು ಲಾರಿಗೆ ಒರಗಿ ಕೂತಿದ್ದ, ಗಡ್ಡದ ಮೇಲೆ ಹಿಮ ಕಟ್ಟಿತ್ತು. ಅವರು ಗುಡ್ಡದ ಮೇಲೆ ಬಿಟ್ಟುಹೋದ ಈ ನಾಲ್ವರು ಬದುಕಿದ್ದರು.

ಪ್ರತಿ ವರ್ಷ ಮೊದಲ ಹಿಮ ಬಿದ್ದಾಗ ಅವನಿಗೆ ಡುವೇನನ ಆ ಮಾತು ಕೇಳಿಸುತ್ತದಂತೆ. ಕನಸಿನಲ್ಲಿ ಅಲ್ಲ, ಅಂಗಳದ ಹಿಮ ಎತ್ತಿಹಾಕುವಾಗ, ಬೆನ್ನ ಹಿಂದೆಯೇ. ಡುವೇನ್ ಸುಳ್ಳು ಹೇಳಿದನೋ, ಹೊರಡುವ ಅಪ್ಪಣೆ ಅವನಿಗೂ ಆಮೇಲೆ ಬಂತೋ, ಇವನಿಗೆ ಇವತ್ತಿಗೂ ತಿಳಿಯದು.

ಆಟ ಸುಟ್ಟುಹಾಕುತ್ತೇನೆ ಎಂದೆ. ಅವನು ಬೇಡವೆಂದ. ಮುಂದಿನ ಭಾನುವಾರವೂ ಅದನ್ನೇ ಹಾಸಿದೆವು, ಅದರ ಮುಂದಿನದೂ. ಸಾಲನ್ನು ನದಿಯ ಬಳಿ ಕಟ್ಟಲು ನೋಡಿದ, ಬೆಟ್ಟದ ಸೆರಗಿನಲ್ಲಿ ಕಟ್ಟಿದ, ಒಂದು ಸರದಿ ಮೊದಲೇ ಹೊರಟು ನೋಡಿದ. ಹೇಗೆ ಕಟ್ಟಿದರೂ ದಾರಿಯ ಮೇಲಿನವರು ಸತ್ತರು. ನನ್ನ ಹೆಂಡತಿ ಲೊರೇನ್ ಕಾಫಿ ತಂದಿಟ್ಟು, ಮೇಜು ನೋಡದೆ ಒಳಗೆ ಹೋಗುತ್ತಿದ್ದಳು.

ಫೆಬ್ರವರಿಯಲ್ಲಿ ಒಂದು ದಿನ ನನಗೆ ಹೊಳೆಯಿತು. ಗುಡ್ಡದ ಮೇಲಿನವರು ಗುಂಡು ಹಾರಿಸಿದರೆ ನನ್ನ ಪಡೆ ಒಂದು ಸರದಿ ಅಲ್ಲಿ ನಿಲ್ಲಲೇಬೇಕು. ಅಷ್ಟರಲ್ಲಿ ದಾರಿಯ ಮೇಲಿನವರು ನದಿ ದಾಟುತ್ತಾರೆ. ಗುಡ್ಡದ ಮೇಲಿನವರು ಮಾತ್ರ ಉಳಿಯುವುದಿಲ್ಲ. ಅವನಿಗೆ ಕಾಣಬಾರದೆಂದು ಬೇಕೆಂದೇ ಬೇರೆ ಕಡೆಯಿಂದ ನುಗ್ಗಿದೆ.

"ಮುಚ್ಚಿಡಬೇಡ," ಎಂದ ವೆಂಡೆಲ್. "ಮೊದಲನೇ ದಿನಾನೇ ನಂಗೆ ಕಂಡಿತ್ತು."

"ಹಾರಿಸಬಾರದು ಅಂತ ಅಪ್ಪಣೆ ಇತ್ತಲ್ಲೋ ನಿಮಗೆ."

"ಇತ್ತು. ಒಂದ್ಸಲ ಆಡಿಬಿಡೋಣ."

ಆಡಿದೆವು. ಗುಡ್ಡದ ಬಿಲ್ಲೆ ಸತ್ತಿತು, ಅದನ್ನು ತೆಗೆಯಲು ನನಗೆ ಕೈ ಬರಲಿಲ್ಲ. ಅವನೇ ಎತ್ತಿ ಪೆಟ್ಟಿಗೆಗೆ ಹಾಕಿದ. ಮಿಕ್ಕವು ಒಂದೊಂದಾಗಿ ನದಿ ದಾಟಿ ಸಾಲಾಗಿ ಕೂತವು. ಪ್ರತಿಯೊಂದನ್ನೂ ಬೆರಳಿನಿಂದ ನೇರ ಮಾಡಿದ. ಹೊರಗೆ ಬೆಳಕಿರುವಾಗಲೇ ಕೋಟು ಹಾಕಿಕೊಂಡು ಹೊರಟ. ನಾನು ಬಾಗಿಲವರೆಗೂ ಹೋಗಿ, ಮುಂದಿನ ವಾರ ಬರುತ್ತೀಯಾ ಎಂದು ಕೇಳಿದೆ.

"ಬರ್ತೀನಿ. ಹಿಮ ಇಲ್ದೇ ಇರೋ ಯುದ್ಧ ಯಾವುದಾದ್ರೂ ಇದ್ರೆ ಹುಡುಕಿಡು."

ಮರಳುಗಾಡಿನದೊಂದು ಹುಡುಕಿಟ್ಟೆ. ಅದನ್ನು ವರ್ಷಗಟ್ಟಲೆ ಆಡಿದೆವು. ಕಾಯುವ ಕಡೆ ಮಾತ್ರ ಅವನು ಮತ್ತೆ ಕೂರಲಿಲ್ಲ. ನುಗ್ಗುವವನಾಗಿ ಅವನಿಗೆ ಒಂದಿಷ್ಟೂ ಗೆಲ್ಲಲು ಬರುತ್ತಿರಲಿಲ್ಲ. ಎದುರು ಸಿಕ್ಕ ಪ್ರತಿ ದಿಣ್ಣೆಯ ಬುಡದಲ್ಲೂ ತನ್ನ ಪಡೆಯನ್ನೆಲ್ಲ ನಿಲ್ಲಿಸಿ, ಮೇಲೆ ಯಾರಾದರೂ ಇದ್ದಾರೆಯೇ ಎಂದು ನೋಡುತ್ತಿದ್ದ.