ಟೇಪಿನಿಂದ ಅಳೆದ ಪ್ರೊಸೆಸರ್

ಇಪ್ಪತ್ತೆರಡು ವರ್ಷ ಬಟ್ಟೆ ಹೊಲಿದವಳು ತಾನು, ಅಳತೆಯಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ದರ್ಜಿಯಮ್ಮನಿಗೆ ಗರ್ವವಿತ್ತು. ಕಸೂತಿ ಯಂತ್ರಕ್ಕೆ ಚಿತ್ರ ಕಳಿಸುವ ಕಂಪ್ಯೂಟರ್ ಆಮೆಯಂತಾದಾಗ ಆ ಗರ್ವವೇ ಅವಳ ಕೈಗೆ ಸ್ಕ್ರೂಡ್ರೈವರ್ ಕೊಟ್ಟಿತು. ಹಳೆಯ ಪ್ರೊಸೆಸರ್ ತೆಗೆದು, ಕೊರಳಲ್ಲಿದ್ದ ಟೇಪಿನಿಂದ ಉದ್ದ ಅಗಲ ಅಳೆದು, ಅಷ್ಟೇ ಅಳತೆಯ ಹೊಸದನ್ನು ಕೊಂಡು ತಂದಳು.

ರಿಪೇರಿ ಅಂಗಡಿ ಇಟ್ಟಿರುವ ಸ್ವಂತ ತಂಗಿಯನ್ನು ಕೇಳಬಹುದಿತ್ತು. ಆದರೆ ಮಾತು ಬಿಟ್ಟು ಮೂರು ತಿಂಗಳಾಗಿತ್ತು. ಅಕ್ಕ ಹೊಲಿದ ಕೋಟು ತೋಳಲ್ಲಿ ಬಿಗಿ ಎಂದಿದ್ದಳು ತಂಗಿ. "ನನ್ನ ಟೇಪು ಸುಳ್ಳು ಹೇಳಲ್ಲ, ನೀನೇ ಊದಿಕೊಂಡಿದ್ದೀಯ," ಎಂದಿದ್ದಳು ಅಕ್ಕ.

ಹೊಸ ಪ್ರೊಸೆಸರ್ ಮದರ್‌ಬೋರ್ಡಿನ ಸಾಕೆಟ್‌ನಲ್ಲಿ ಕೂರಲಿಲ್ಲ. ಇದರ ಅಂಚಿನ ಕಚ್ಚು ಒಂದು ಕಡೆ, ಸಾಕೆಟ್‌ನ ಉಬ್ಬು ಇನ್ನೊಂದು ಕಡೆ. ಬಿಗಿಯಾದ ಕಾಜಕ್ಕೆ ಗುಂಡಿ ತೂರಿಸುವಂತೆ ಹೆಬ್ಬೆರಳಲ್ಲಿ ಒತ್ತಿದಳು. ತೆಗೆದು ನೋಡಿದರೆ, ಸಾಕೆಟ್‌ನ ಕೂದಲೆಳೆಯಂಥ ಪಿನ್ನುಗಳಲ್ಲಿ ಎರಡು ಮಲಗಿಬಿಟ್ಟಿದ್ದವು. ಬೋರ್ಡ್ ಹೋದರೆ ಕಸೂತಿ ಕೆಲಸವೂ ಹೋಯಿತು. ತಂಗಿಯಲ್ಲದೆ ಗತಿಯಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗುವುದು? ಇದ್ದ ಒಂದೇ ಮುಖ ಇಟ್ಟುಕೊಂಡು, ಎರಡೂ ಪ್ರೊಸೆಸರ್ ಚೀಲಕ್ಕೆ ಹಾಕಿ, ಕಂಪ್ಯೂಟರ್ ಹೊತ್ತುಕೊಂಡು ಹೋದಳು.

ತಂಗಿ ಭೂತಗನ್ನಡಿ ಹಿಡಿದು ಬಗ್ಗಿದಳು. "ಯಾವ ಸಾಕೆಟ್ ಅಂತ ನೋಡಿ ತಗೊಂಡ್ಯಾ?"

"ನೋಡೋದೇನು, ಅಳೆದೆ."

"ಯಾವುದ್ರಲ್ಲಿ?"

ಅಕ್ಕನ ಕೈ ತಾನಾಗಿ ಕೊರಳಿಗೆ ಹೋಯಿತು. ಟೇಪು ಅಲ್ಲೇ ನೇತಾಡುತ್ತಿತ್ತು, ಸಾಕ್ಷಿಗೆ ಬಂದವರ ಹಾಗೆ.

ತಂಗಿ ನಗು ತಡೆಯಲಾರದೆ ಮೇಜಿಗೆ ತಲೆಯಿಟ್ಟಳು. "ಅಯ್ಯೋ ಅಕ್ಕಾ! ಬೋರ್ಡ್ ಮೇಲೆ ಸಾಕೆಟ್ ನಂಬರ್ ಇರುತ್ತೆ ಕಣೇ. ಈ ಬೋರ್ಡ್ ಯಾವ ಯಾವ ಪ್ರೊಸೆಸರ್ ಒಪ್ಪುತ್ತೆ ಅಂತ ಪಟ್ಟಿನೂ ಇರುತ್ತೆ. ಅದರಲ್ಲಿ ಇಲ್ಲ ಅಂದ್ರೆ ಉದ್ದ ಅಗಲ ಒಂದೇ ಇದ್ದು ಏನು ಬಂತು?"

"ಬೈಯೋದು ಆಮೇಲೆ. ಉಳಿಯುತ್ತಾ ಹೇಳೇ."

"ಪಿನ್ ಎತ್ತಿದ್ರೆ ಉಳಿಯುತ್ತೆ. ನಕ್ಕು ನಕ್ಕು ನನ್ನ ಕೈ ನಡುಗ್ತಿದೆ. ಸೂಜಿ ಹಿಡಿಯೋಳು ನೀನು, ನೀನೇ ಎತ್ತು."

ಅಕ್ಕ ಉಸಿರು ಬಿಗಿಹಿಡಿದು, ಎಲ್ಲಕ್ಕಿಂತ ಸಣ್ಣ ಸೂಜಿಯಿಂದ ಎರಡನ್ನೂ ನೆಟ್ಟಗೆ ನಿಲ್ಲಿಸಿದಳು. ಹಳೆಯ ಪ್ರೊಸೆಸರ್ ಕೂರಿಸಿ ಸ್ವಿಚ್ ಅದುಮಿದಾಗ ಪರದೆ ಬೆಳಗಿತು. ಅದೇ ಆಮೆ. ಆದರೆ ಬದುಕಿತ್ತು.

ಹೊರಡಬೇಕಾದವಳು ಬಾಗಿಲಲ್ಲಿ ನಿಂತಳು. "ಆ ಕೋಟು ಎಲ್ಲಿ?"

"ಅಗೋ, ಮೊಳೆಗೆ ನೇತುಹಾಕಿದ್ದೀನಿ. ಬಂದವರಿಗೆಲ್ಲ ತೋರಿಸೋಕೆ."

"ಕೊಡು. ತೋಳು ಬಿಚ್ಚಿ ಹೊಲೀತೀನಿ."

ತಂಗಿ ಎರಡೂ ಕೈ ಚಾಚಿ ನಿಂತಳು. "ಸರಿ, ಅಳತೆ ತಗೋ."

ಅಕ್ಕ ಟೇಪನ್ನು ಕೊರಳಿನಿಂದ ತೆಗೆದು ಚೀಲಕ್ಕೆ ತುರುಕಿದಳು. "ಮೊದಲು ಹಾಕ್ಕೊಂಡು ತೋರಿಸು. ಎಲ್ಲಿ ಹಿಡಿಯುತ್ತೆ ಅಂತ ನೀನು ಹೇಳು, ನಾನು ಕೇಳ್ತೀನಿ."