ಕೈಯಲ್ಲೇ ಇದ್ದ ಖಾಲಿ ಕ್ಯಾನು

ಕಮಲಾಪುರದ ದತ್ತಪ್ಪನ ಹೊಲದಲ್ಲಿರುವ ಕೃಷಿ ಹೊಂಡಕ್ಕೆ ಹಸಿವಾಗುತ್ತದೆ ಎಂದು ಊರವರೆಲ್ಲ ನಂಬಿಬಿಟ್ಟಿದ್ದರು. ಮಗಳು ಅಂಜನಾ ಕಾಲು ತೊಳೆಯಲು ಹೋಗಿ, ದಂಡೆಗೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಜಾರಿ, ಅದರಲ್ಲೇ ಮುಳುಗಿಹೋಗಿದ್ದಳು. ಹೊಂಡ ಇನ್ನು ಮಗ ಸಾಯಿಕುಮಾರನನ್ನು ಕೇಳುತ್ತದೆ ಎಂದು ತಾಯಿ ಕಸ್ತೂರಿಬಾಯಿಗೆ ಭಯ. ಮೋಟರ್ ಚಾಲೂ ಮಾಡಲು ದಿನಾ ಅವನೇ ಅಲ್ಲಿಗೆ ಹೋಗಬೇಕು.

ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ವಿಜ್ಞಾನ ಕಲಿಸುವ ಅವಳ ತಂಗಿ ತ್ರಿವೇಣಿ ಬಂದಾಗ, ಅಕ್ಕ ಹೊಂಡಕ್ಕೆ ಎಡೆ ಹಿಡಿದು ಹೊರಟಿದ್ದಳು.

“ಎಡಿ ಕೊಟ್ರ ಜಾರೋದು ತಪ್ಪತದೇನಕ್ಕಾ?”

“ನೀ ನಲ್ಲಿ ತಿರುವಿ ನೀರು ಕುಡಿಯಾಕಿ. ಸುಮ್ನಿರು.”

ದತ್ತಪ್ಪ ಮೆಲ್ಲಗೆ ಬಾಯಿಬಿಟ್ಟ. “ನಾನೇ ಎತ್ತೀನಿ ನೋಡವ್ವಾ. ನೀರಾಗ ಹೂವಿನಂಗ ಬಂದ್ಳು ಕೂಸು. ದಂಡಿಗಿ ತರೂದ್ರಾಗ ಕಲ್ಲಾದ್ಳು. ಹೊಂಡ ಬಿಡವಲ್ದು ಅಂತ ಕೈಗೇ ಗೊತ್ತಾತು.”

ತ್ರಿವೇಣಿ ಇಬ್ಬರನ್ನೂ ಹೊಂಡದ ದಂಡೆಗೆ ಕರೆದೊಯ್ದಳು. ಕೊಡಕ್ಕೆ ಹಗ್ಗ ಕಟ್ಟಿ ಹೊಂಡದಲ್ಲಿ ಮುಳುಗಿಸಿ, ಹಗ್ಗವನ್ನು ಅಕ್ಕನ ಕೈಗೆ ಕೊಟ್ಟಳು. “ಜಗ್ಗು.”

ನೀರೊಳಗೆ ತುಂಬಿದ ಕೊಡ ಹಗುರವಾಗಿ ಬಂತು. ನೀರು ಬಿಟ್ಟು ಮೇಲೆದ್ದದ್ದೇ ತಡ, ತೋಳು ಕಿತ್ತುಬರುವಂತಾಯಿತು.

“ಈ ಕೊಡಾನೂ ಹೊಂಡ ಬೇಡತದೇನ್ರಿ ಮಾಮಾ? ನೀರು ಕೆಳಗಿಂದ ಮ್ಯಾಲಕ್ಕ ನೂಕತದ. ಅದಕ್ಕ ಒಳಗಿದ್ದದ್ದು ಹಗುರ. ಹೊರಗ ಬಂದ್ರ ಆ ಆಸರ ಇಲ್ಲ, ಭಾರ ಎಲ್ಲಾ ನಮ್ಮ ಕೈಮ್ಯಾಲ. ಹೊಂಡ ಅಂಜನಾನ್ನ ಜಗ್ಗಿಲ್ಲ. ಹೊತ್ತಿತ್ತು.”

“ಹೊತ್ತಿದ್ರ ಸತ್ಲ್ಯಾಕ?” ಕಸ್ತೂರಿಬಾಯಿ ಚೀರಿದಳು.

“ಪೂರಾ ಹೊರಾಕ ಆಗಲ್ಲಕ್ಕಾ. ಮೂಗು ಮ್ಯಾಲಿರಾಕ ಇನ್ನೊಂಚೂರು ಆಸರ ಬೇಕು. ಮುಚ್ಚಳ ಬಿಗಿದ ಖಾಲಿ ಕ್ಯಾನ್ ತಬ್ಕೊಂಡಿದ್ರೂ…”

ಕಸ್ತೂರಿಬಾಯಿ ಅಲ್ಲೇ ಕುಸಿದಳು. ಅಂಜನಾ ಬಿದ್ದ ದಿನ ಕುಡಿಯುವ ನೀರು ತರಲು ಹೊರಟಿದ್ದ ಅವಳ ಕೈಯಲ್ಲೇ ಖಾಲಿ ಕ್ಯಾನ್ ಇತ್ತು. ಓಡಲು ಅಡ್ಡವಾಗುತ್ತದೆಂದು ಅದನ್ನು ಬದುವಿನ ಮೇಲೆ ಬಿಸುಟು, ಜನರನ್ನು ಕೂಗುತ್ತ ರಸ್ತೆಗೆ ಓಡಿದ್ದಳು.

“ಒಗದಿದ್ದೆ ತಂಗಿ,” ಎಂದಳು. “ಬ್ಯಾರೆ ಕಡಿಗಿ ಒಗದಿದ್ದೆ.”

ಎಡೆ ಅಲ್ಲೇ ಉಳಿಯಿತು. ದತ್ತಪ್ಪ ಹೊಂಡದ ಸುತ್ತ ಬೇಲಿ ಹಾಕಿದ. ಹತ್ತಿಬರಲು ಗಂಟುಗಂಟಿನ ಹಗ್ಗವೊಂದನ್ನು ದಂಡೆಯಿಂದ ಇಳಿಬಿಟ್ಟ. ಕಸ್ತೂರಿಬಾಯಿ ಅದೇ ಕ್ಯಾನಿನ ಮುಚ್ಚಳ ಬಿಗಿದು, ಉದ್ದ ಹಗ್ಗ ಕಟ್ಟಿ, ಸಾಯಿಕುಮಾರನಿಗೆ ಎಸೆಯಲು ಕಲಿಸಿದಳು. ಕ್ಯಾನ್ ತೇಲಿದಾಗೆಲ್ಲ ಅವಳ ಕಣ್ಣು ಅದರ ಪಕ್ಕದ ಬರೀ ನೀರನ್ನೇ ನೋಡುತ್ತಿತ್ತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹೊಂಡಕ್ಕೂ ಬಾವಿಗೂ ಬೇಲಿ ಹಾಕಿ. ಮುಚ್ಚಳ ಬಿಗಿದ ಖಾಲಿ ಕ್ಯಾನಿಗೆ ಹಗ್ಗ ಕಟ್ಟಿ ಇಂದೇ ಅಲ್ಲಿಡಿ. ಯಾರಾದರೂ ಬಿದ್ದರೆ ನೀವು ಧುಮುಕಬೇಡಿ. ಮೊದಲು ಹಗ್ಗದ ತುದಿ ಹಿಡಿದು ಕ್ಯಾನ್ ಎಸೆಯಿರಿ, ಆಮೇಲೆ ಜನರನ್ನು ಕೂಗಿ. ಕಸ್ತೂರಿಬಾಯಿಗೆ ಇದು ಮಗಳು ಹೋದ ಮೇಲೆ ತಿಳಿಯಿತು. ನಿಮಗೆ ಈಗಲೇ ತಿಳಿದಿದೆ.